ಬಲದಿಂದ ಎಡಕ್ಕೆ

ದಾವಣಗೆರೆಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಇಪ್ಪತ್ತಾರು ವರ್ಷದಿಂದ ಮುದ್ರೆ ಮಾಡುತ್ತೇನೆ.
ರಬ್ಬರಿನ ಮುದ್ರೆ. ವಕೀಲರದು, ವೈದ್ಯರದು,
ಹತ್ತಿ ದಲ್ಲಾಳಿಗಳದು, ಸಹಕಾರ ಸಂಘದ ಖಜಾಂಚಿಯದು.
ಊರಿನ ಅರ್ಧ ವಿಳಾಸ ನನ್ನ ಉಗುರಿನ ಸಂದಿಯಲ್ಲಿದೆ,
ನೀಲಿ ಶಾಯಿಯಾಗಿ.

ಹಾಗಿರುವ ನಾನು
ಒಂದು ಸೋಮವಾರ ಬೆಳಿಗ್ಗೆ
ವಿಳಾಸವಿಲ್ಲದವಳಾದೆ.

ಮೊದಲು ಗೊತ್ತಾಗಲಿಲ್ಲ. ಬಾರದ ಪತ್ರ
ಸದ್ದು ಮಾಡುತ್ತದೆಯೇ?
ಆಷಾಢ, ವ್ಯಾಪಾರ ಮಂದ ಅಂದುಕೊಂಡೆ.
ಮಂಗಳವಾರ ಸಂಜೆ ಜಬೀವುಲ್ಲಾ ಬಂದು
ಹೊಸ್ತಿಲಲ್ಲೇ ನಿಂತ. ಮುಖದ ಮೇಲೆ ಮಸಿ.
"ಅಕ್ಕಾ, ಸರ್ವರ್ ಹೋತು."

ಅವನ ಮಾವನ ಮಂಡಕ್ಕಿ ಭಟ್ಟಿಯ ಅಟ್ಟದ ಮೇಲೆ
ಒಂದು ಹಳೆಯ ಕಂಪ್ಯೂಟರು ಹಗಲೂ ರಾತ್ರಿ
ನಮ್ಮಂಥ ಹದಿನೇಳು ಜನರ ಹೆಸರು ಹೇಳುತ್ತಾ ಕೂತಿತ್ತು.
ಯಾರು ಕೇಳಿದರೂ, ಎಲ್ಲಿಂದ ಕೇಳಿದರೂ,
ಹೌದು, ಈ ಹೆಸರಿನವರು ಇದ್ದಾರೆ, ಟಪಾಲು ಇಂಥಲ್ಲಿ ಇಳಿಸಿ.
ಅಷ್ಟೇ ಅದರ ಕೆಲಸ.
ಭಟ್ಟಿಯ ಹೊಟ್ಟು, ಹೊಗೆ, ಬಿಸಿ ಮರಳಿನ ಧೂಳು
ಒಂಬತ್ತು ವರ್ಷ ಉಸಿರಾಡಿ
ಒಂದು ರಾತ್ರಿ ಬಾಯಿ ಮುಚ್ಚಿತು.
"ಎರಡನೇದು ಇಡಬೇಕು ಅಕ್ಕಾ, ನಿಯಮ ಹಂಗೇ ಐತೆ.
ಇಟ್ಟಿದ್ದೆ. ಅದೇ ಅಟ್ಟದ ಮೇಲೆ. ಅದೇ ಪ್ಲಗ್ಗಿಗೆ."

ಬೈಯಬೇಕೆಂದಿದ್ದೆ. ಚಹಾ ತರಿಸಿದೆ.

ತಮ್ಮನ ಹೆಂಡತಿ ಎಂದೋ ಕೇಳಿದ್ದಳು,
ಎಲ್ಲರ ಹಾಗೆ ಪುಕ್ಕಟೆ ಈಮೇಲು ಇಟ್ಟುಕೊಳ್ಳಬಾರದೇ?
ಅಂಗಡಿ ಬಾಡಿಗೆಯದು, ಹೆಸರಾದರೂ ಸ್ವಂತದ್ದಿರಲಿ ಅಂದಿದ್ದೆ.
ಹೆಸರಿಗೂ ವರ್ಷಕ್ಕೊಮ್ಮೆ ದುಡ್ಡು ಕಟ್ಟುತ್ತೇನೆಂದು
ಅವಳಿಗೆ ಹೇಳಿಲ್ಲ.

ಬುಧವಾರ, ಎರಡು ಊರಿನ ಎರಡು ಯಂತ್ರದಲ್ಲಿ
ಮತ್ತೆ ಎಲ್ಲ ಬರೆಯಬೇಕಾಯಿತು. ಹಳೆಯ ಪ್ರತಿ ಇಲ್ಲ.
ಅವನು ನೆನಪಿನಿಂದ ಹೇಳಿದ, ನಾನು ಟೈಪು ಮಾಡಿದೆ.
"ಯಂತ್ರ ಹೆಸರನ್ನ ಹಿಂದಿನಿಂದ ಓದತೈತೆ ಅಕ್ಕಾ.
ಮೊದಲು ದೇಶ, ಆಮೇಲೆ ಅಂಗಡಿ. ಬಲದಿಂದ ಎಡಕ್ಕೆ."
ನಕ್ಕೆ. ಹದಿನಾಲ್ಕನೇ ವಯಸ್ಸಿನಿಂದ
ಉಲ್ಟಾ ಅಕ್ಷರದಲ್ಲೇ ಊರನ್ನು ಓದಿದವಳು ನಾನು.
ಅವನೂ ನಕ್ಕ: ಅಜ್ಜಿ ಕಲಿಸಿದ ಉರ್ದುವೂ ಹಾಗೇ.

ಗುರುವಾರವೂ ಟಪಾಲಿಲ್ಲ.
ರಾತ್ರಿ ಹತ್ತಕ್ಕೆ ಕನ್ನಡಕ ಏರಿಸಿ
ಕರಡು ತಿದ್ದುವ ಹಾಗೆ ಬೆರಳಿಟ್ಟು ನೋಡುತ್ತಾ ಬಂದೆ,
ಹಿಂದಿನಿಂದ.
ಹೆಸರಿನ ಕೊನೆಗೆ ಒಂದು ಚುಕ್ಕಿ ಇರಬೇಕಂತೆ.
ಯಾರೂ ಉಚ್ಚರಿಸದ, ಯಾವ ಚೀಟಿಯಲ್ಲೂ ಅಚ್ಚಾಗದ ಚುಕ್ಕಿ,
ಇಲ್ಲಿಗೆ ಹೆಸರು ಮುಗಿಯಿತು ಎನ್ನುವುದಕ್ಕೆ.
ಅದಿಲ್ಲದೆ ಯಂತ್ರ ನನ್ನ ಹೆಸರಿಗೆ ನನ್ನ ಹೆಸರನ್ನೇ
ಇನ್ನೊಮ್ಮೆ ಅಂಟಿಸಿ
ಇಲ್ಲದ ಒಬ್ಬಳನ್ನು ಹುಡುಕುತ್ತಾ ಹೋಗುತ್ತಿತ್ತು.

ಹಿಂದೊಮ್ಮೆ ಸಂಘದ ಮುದ್ರೆಯಲ್ಲಿ ಸೊನ್ನೆ ಬಿಟ್ಟಿದ್ದೆ.
ಇನ್ನೂರು ಷೇರುಪತ್ರಕ್ಕೆ ಒತ್ತಿದ ಮೇಲೆ ಕಂಡಿತು.
ಆ ಖಜಾಂಚಿ ಈಗಲೂ ರಸ್ತೆಯಲ್ಲಿ ಸಿಕ್ಕರೆ
ಗಾಳಿಯಲ್ಲಿ ಬೆರಳಾಡಿಸಿ ಒಂದು ಸೊನ್ನೆ ಬರೆದು ತೋರಿಸುತ್ತಾನೆ.

ಚುಕ್ಕಿ ಇಟ್ಟೆ.

ಶುಕ್ರವಾರ ನಸುಕಿಗೆ ಬರತೊಡಗಿದವು.
ನಾಲ್ಕು ದಿನ ಯಾವ ಯಾವುದೋ ಊರಿನ ಯಂತ್ರಗಳು
ಪತ್ರ ಕೈಯಲ್ಲೇ ಹಿಡಿದು ದಾರಿ ಕೇಳಿ,
ಉತ್ತರವಿಲ್ಲದೆ ಹಿಂದೆ ಹೋಗಿ, ಮತ್ತೆ ಬಂದು ಕೇಳಿ.
ಬ್ಯಾಂಕಿನದು. ಕರೆಂಟು ಬಿಲ್ಲು.
ಹೊನ್ನಾಳಿಯ ಶಾಲೆಗೆ ಹಾಜರಾತಿ ಮುದ್ರೆ ಬೇಕಂತೆ.
ನಾನು ಲಾಟರಿ ಗೆದ್ದಿದ್ದೇನಂತೆ. ಅದೂ ಕಾದಿತ್ತು, ಪಾಪ.

ಕೆಲವು ಯಂತ್ರಕ್ಕೆ ಅಷ್ಟು ಸಹನೆಯಿಲ್ಲ.
ಒಂದೇ ದಿನಕ್ಕೆ ಕೈಚೆಲ್ಲಿ ಬರೆದವರಿಗೇ ಮರಳಿಸಿದವು.
ಹಾಗೆ ಮರಳಿದ್ದೊಂದು
ಮಧ್ಯಾಹ್ನ ಮಲೇಬೆನ್ನೂರಿನ ಬಸ್ಸಿಳಿದು ಬಂತು:
ಅಕ್ಕಿಗಿರಣಿಯ ಲೆಕ್ಕಿಗ ದ್ಯಾಮಪ್ಪನವರು, ಕೊಡೆ ಸಮೇತ.
"ವಿಳಾಸ ಸಿಗಲಿಲ್ಲ ಅಂತ ಇಂಗ್ಲಿಷಲ್ಲಿ ಬಂತಮ್ಮ.
ಅದಕ್ಕೇ, ಇದ್ದೀಯೋ ಇಲ್ವೋ ನೋಡ್ಕಂಡು ಹೋಗಾನ ಅಂತ..."

ಏನು ಮುದ್ರೆ ಬೇಕಿತ್ತು ಎಂದು ಕೇಳಿದೆ.
ಹೆಸರಿನ ಕೆಳಗೆ ಒಂದೇ ಪದ ಸೇರಬೇಕಂತೆ: ನಿವೃತ್ತ.
ಅಲ್ಲೇ ಕೂರಿಸಿ ಮಾಡಿಕೊಟ್ಟೆ.
ಕಾಗದಕ್ಕೆ ಒತ್ತಿ, ತೋಳು ಚಾಚಿ ದೂರ ಹಿಡಿದು
ಬಹಳ ಹೊತ್ತು ಓದಿದರು.
ನಾನು ಕೈಯಲ್ಲುಳಿದ ಮುದ್ರೆಯಲ್ಲಿ ಅದನ್ನೇ
ಬಲದಿಂದ ಓದಿಕೊಂಡೆ.